ಆ ಬೀಗದ ಕೈ ಹೊಲಿಯುವವರ ಹತ್ತಿರ ಇರಲಿ

ಗೆ,
ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರು,
ಮಾನ್ಯ ಪರಿಶಿಷ್ಟ ಪಂಗಡಗಳ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ.

ವಿಷಯ: ಬುಡಕಟ್ಟು ಕಲಾವಿದರಿಗೆ ನೇರ ಧನಸಹಾಯ, ಪ್ರದರ್ಶನದ ಅವಕಾಶ ಮತ್ತು ಕೂತು ಕೆಲಸ ಮಾಡಲು ಒಂದು ಜಾಗ ಕೊಡುವ ಬಗ್ಗೆ.

ಮಾನ್ಯರೇ,

ನಾನು ಉತ್ತರ ಕನ್ನಡ ಜಿಲ್ಲೆಯ ಒಬ್ಬ ನಿವೃತ್ತ ಡ್ರಾಯಿಂಗ್ ಮಾಸ್ತರು. ಯಲ್ಲಾಪುರ, ಮುಂಡಗೋಡ, ಹಳಿಯಾಳ ಕಡೆಯ ಶಾಲೆಗಳಲ್ಲಿ ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಚಿತ್ರ ಕಲಿಸಿದೆ. ಈಗ ಪೆನ್ಷನ್ ಬರುತ್ತದೆ, ಕೈಯಲ್ಲಿ ಸಮಯ ಇದೆ. ಆಫ್ರಿಕಾ ಮೂಲದ ಸಿದ್ದಿ ಬುಡಕಟ್ಟಿನ ಕೇರಿಗಳ ಹೆಂಗಸರಿಗೆ ಅರ್ಜಿ ತುಂಬಿಕೊಡುವುದೇ ಸದ್ಯಕ್ಕೆ ನನ್ನ ಉದ್ಯೋಗ. ಇದನ್ನೂ ಒಂದು ಅರ್ಜಿಯಾಗಿಯೇ ಬರೆಯೋಣ ಅಂದುಕೊಂಡಿದ್ದೆ. ಆದರೆ ಅರ್ಜಿಗಳ ಗತಿ ಏನಾಗುತ್ತದೆ ಅಂತ ನೋಡಿ ನೋಡಿ ಸಾಕಾಗಿದೆ. ಅದಕ್ಕೇ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ಇಬ್ಬರು ಸಚಿವರಿಗೂ ಸೇರಿಸಿ ಬರೆಯಲು ಕಾರಣ ಇದೆ. ಒಂದು ಕಚೇರಿಗೆ ಹೋದರೆ "ಬುಡಕಟ್ಟಿನವರದ್ದಾ? ಆ ಇಲಾಖೆಗೆ ಹೋಗಿ" ಅಂತಾರೆ. ಅಲ್ಲಿಗೆ ಹೋದರೆ "ಇದು ಕಲೆ ಅಲ್ವಾ, ಇಲ್ಲಿಗ್ಯಾಕೆ ಬಂದ್ರಿ?" ಅಂತಾರೆ. ನಡುವೆ ಬಸ್ ಚಾರ್ಜು ನಮ್ಮದು.

ಮೊದಲು ಈ ಹೆಂಗಸರು ಹೊಲಿಯುವ ಕವಂದಿ ಅಂದರೇನು ಅಂತ ಹೇಳಿಬಿಡುತ್ತೇನೆ. ಬಯಲುಸೀಮೆಯಲ್ಲಿ ಕೌದಿ ಅನ್ನುತ್ತಾರಲ್ಲ, ಅದೇ ಬಳಗದ ಹೊದಿಕೆ. ಹಳೇ ಸೀರೆಯನ್ನು ಅಡಿಗೆ ಹಾಸಿ, ಅದರ ಮೇಲೆ ಹರಿದ ಲಂಗ, ಅಂಗಿ, ಲುಂಗಿಯ ತುಂಡುಗಳನ್ನು ಇಟ್ಟು ಕೈಯಲ್ಲೇ ಹೊಲಿಯುತ್ತಾ ಹೋಗುವುದು. ಸಿದ್ದಿ ಹೆಂಗಸರು ಒಂದು ಮೂಲೆಯಿಂದ ಶುರು ಮಾಡುತ್ತಾರೆ. ಅಂಚು ಹಿಡಿದು ಸುತ್ತು ಬರುತ್ತಾರೆ. ಒಂದು ಸುತ್ತು ಮುಗಿದರೆ ಅದರ ಒಳಗೆ ಇನ್ನೊಂದು ಸುತ್ತು. ಹೊಲಿಗೆ ನಡುವಿಗೆ ಬಂದಾಗ ಕವಂದಿ ಮುಗಿಯಿತು. ಪೆನ್ಸಿಲ್ ಗೆರೆ ಇಲ್ಲ, ಟೇಪು ಇಲ್ಲ, ಮೊದಲೇ ಬರೆದಿಟ್ಟ ನಕ್ಷೆ ಇಲ್ಲ. ಕೊನೆಗೆ ಮೂಲೆಗಳಿಗೆ ಬಟ್ಟೆ ಮಡಚಿ ತ್ರಿಕೋನದ ಹೂವು ಕೂರಿಸುತ್ತಾರೆ. ಅದಕ್ಕೆ ಫೂಲ ಅಂತ ಹೆಸರು. ಫೂಲ ಇಲ್ಲದ ಕವಂದಿ ಬತ್ತಲೆ ಇದ್ದ ಹಾಗೆ ಅನ್ನುವ ಮಾತು ಅವರಲ್ಲಿದೆ. ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಮೂರೂ ಮನೆಗಳಿವೆ. ಕೆಲವು ಕವಂದಿಗಳಲ್ಲಿ ಶಿಲುಬೆ ಕಾಣುತ್ತದೆ, ಕೆಲವುಗಳಲ್ಲಿ ಅರ್ಧಚಂದ್ರ. ಹೊಲಿಗೆ ಮಾತ್ರ ಒಂದೇ.

ಒಂದು ಸಲ ಜಗಲಿಯಲ್ಲಿ ಕೂತು ಒಬ್ಬ ಅಜ್ಜಿ ಹೊಲಿಯುವುದನ್ನು ನೋಡುತ್ತಿದ್ದೆ. ದೊಡ್ಡ ನೀಲಿ ಬಯಲು. ಅದರ ನಡುವೆ ಬೆರಳಗಲದ ಒಂದು ಕೆಂಪು ತುಂಡು ಇಟ್ಟರು. ಮತ್ತೆ ತೆಗೆದರು. ಎರಡಿಂಚು ಆಚೆ ಇಟ್ಟರು. ತಲೆ ಓರೆ ಮಾಡಿ ನೋಡಿದರು. ಯಾಕೆ ಅಲ್ಲೇ ಇಟ್ಟಿರಿ ಅಂತ ಕೇಳಿದೆ. "ಅಲ್ಲಿ ನೀಲಿ ನಿದ್ದೆ ಮಾಡ್ತಿತ್ತು ಮಾಸ್ತರೇ, ಎಬ್ಬಿಸಿದೆ" ಅಂದರು. ಡ್ರಾಯಿಂಗ್ ಡಿಪ್ಲೊಮಾದಲ್ಲಿ ಬಣ್ಣದ ತೂಕ ಅನ್ನುವ ಪಾಠವನ್ನು ನಾನು ಎರಡು ವರ್ಷ ಓದಿದ್ದೆ. ಅರ್ಥವಾಗಿದ್ದು ಆ ದಿನ.

ಇನ್ನು ದೂರಿಗೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಉತ್ಸವ ನಡೆಯಿತು. ಯಾವ ಊರು, ಯಾರು ನಡೆಸಿದ್ದು ಅಂತ ಬರೆಯುವುದಿಲ್ಲ. ಒಬ್ಬರ ತಲೆ ಮೇಲೆ ಗೂಬೆ ಕೂರಿಸಿ ಉಳಿದವರು ಪಾರಾಗುವುದು ಬೇಡ. ಹತ್ತು ಕವಂದಿ ಮತ್ತು ಒಂದು ಡಮಾಮಿ ಕುಣಿತದ ತಂಡ ಬೇಕು ಅಂತ ಫೋನ್ ಬಂತು. ಡಮಾಮಿ ಅಂದರೆ ಸಿದ್ದಿಗಳ ಚರ್ಮವಾದ್ಯ, ಅದನ್ನು ಬಡಿದು ಕುಣಿಯುತ್ತಾರೆ. ಬೆಳಿಗ್ಗೆ ಆರಕ್ಕೆ ಟೆಂಪೋ ಬಂತು. ಹದಿನಾಲ್ಕು ಜನ ಹೊರಟೆವು, ಅದರಲ್ಲಿ ಇಬ್ಬರು ಮಗು ಎತ್ತಿಕೊಂಡ ತಾಯಂದಿರು. ಮಧ್ಯಾಹ್ನದ ಬಿಸಿಲಲ್ಲಿ ಮೆರವಣಿಗೆ ತುಂಬಾ ಕುಣಿಸಿದರು. ಸಂಜೆ ಆರಕ್ಕೆ ವೇದಿಕೆ ಅಂದವರು ರಾತ್ರಿ ಹನ್ನೊಂದಕ್ಕೆ ಕರೆದರು. ಇಪ್ಪತ್ತು ನಿಮಿಷ ಅಂದಿದ್ದು ಐದು ನಿಮಿಷ ಆಯಿತು. ಭಾಷಣಗಳು ಉದ್ದ ಆಗಿದ್ದವು, ಆರ್ಕೆಸ್ಟ್ರಾದವರು ಕಾಯುತ್ತಿದ್ದರು.

ಇದೆಲ್ಲ ಮಾಮೂಲು, ಬಿಡಿ. ನಾನು ಕವಂದಿಗಳನ್ನು ಹುಡುಕಿಕೊಂಡು ಹೋದೆ. ಪ್ರದರ್ಶನಕ್ಕೆ ಅಂತ ತರಿಸಿದ್ದರಲ್ಲ. ಎಂಟನ್ನು ವೇದಿಕೆಯ ಹಿಂದೆ ಅಲಂಕಾರಕ್ಕೆ ಮೊಳೆ ಹೊಡೆದು ನೇತು ಹಾಕಿದ್ದರು. ಎರಡನ್ನು ಸ್ಪೀಕರ್ ಡಬ್ಬಗಳಿಗೆ ಹೊದಿಸಿದ್ದರು. ಒಂದು ಕಡೆ ಚೀಟಿ ಅಂಟಿಸಿತ್ತು: "ಬುಡಕಟ್ಟು ಜನರ ಕರಕುಶಲ ವಸ್ತು". ಬ್ಯಾನರಿನಲ್ಲಿದ್ದ ಗಣ್ಯರ ಹೆಸರುಗಳನ್ನು ಸುಮ್ನೆ ಎಣಿಸಿದೆ. ಮೂವತ್ತೊಂದು. ಹೊಲಿದವರ ಹೆಸರು ಒಂದೂ ಇರಲಿಲ್ಲ.

ವಾಪಸ್ ಬರುವಾಗ ಟೆಂಪೋದಲ್ಲಿ ಅಜ್ಜಿ ಮೊಳೆಯ ತೂತುಗಳನ್ನು ಬೆರಳಲ್ಲಿ ಮುಟ್ಟಿ ನೋಡುತ್ತಿದ್ದರು. "ತೇಪೆ ಹಾಕಿದ್ರಾಯ್ತು ಮಾಸ್ತರೇ, ತೇಪೆದ್ದೇ ಅಲ್ವಾ ಇದು" ಅಂತ ನಕ್ಕರು. ಟೆಂಪೋದಲ್ಲಿದ್ದವರೆಲ್ಲ ನಕ್ಕರು. ನನಗೆ ಆಗಲಿಲ್ಲ. ಸಂಭಾವನೆಯ ಚೆಕ್ಕು ಏಳು ತಿಂಗಳ ಮೇಲೆ ಬಂತು. ತಂಡದ ಹೆಸರನ್ನು ತಪ್ಪಾಗಿ ಬರೆದಿದ್ದರಿಂದ ಬ್ಯಾಂಕಿನವರು ತಗೊಳ್ಳಲಿಲ್ಲ.

ನನ್ನದೂ ಒಂದು ತಪ್ಪಿದೆ, ಹೇಳಿಬಿಡಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಶಾಲೆಯ ವಸ್ತುಪ್ರದರ್ಶನಕ್ಕೆ ಮಕ್ಕಳ ಮನೆಯಿಂದ ಕವಂದಿ ತರಿಸಿದ್ದೆ. ನಾನೇ ಚಂದದ ಅಕ್ಷರದಲ್ಲಿ "ಸಿದ್ದಿ ಜನಾಂಗದ ಹೊದಿಕೆ" ಅಂತ ಬರೆದು ಅಂಟಿಸಿದೆ. ಪಕ್ಕದಲ್ಲಿ ನಾನು ಬರೆದ ಜಲವರ್ಣ ಚಿತ್ರ ಇತ್ತು. ಅದರ ಕೆಳಗೆ ನನ್ನ ಹೆಸರು, ಊರು, ಇಸವಿ ಎಲ್ಲ ಇತ್ತು. ಆಗ ಅದು ತಪ್ಪು ಅಂತ ಅನ್ನಿಸಲೇ ಇಲ್ಲ.

2011ರಲ್ಲಿ ಇದೇ ಜಿಲ್ಲೆಯ ಸಿದ್ದಿ ಹೆಂಗಸರ ಕವಂದಿಗಳು ನ್ಯೂಯಾರ್ಕಿನಲ್ಲಿ ಆಫ್ರಿಕಾ ಮೂಲದವರ ಸಂಸ್ಕೃತಿಯ ಅಧ್ಯಯನಕ್ಕೆ ಇರುವ ಶಾಂಬರ್ಗ್ ಕೇಂದ್ರದ ಗೋಡೆ ಮೇಲೆ ಕಲಾಕೃತಿಗಳಾಗಿ ತೂಗಾಡಿದವು. ಅಷ್ಟು ದೂರ ಹೋಗಿ ಬಂದದ್ದಕ್ಕೆ ನಮ್ಮ ಬೆಂಗಳೂರು ಇಷ್ಟು ದೂರ ಯಾಕೆ? ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆ ಸರ್ಕಾರದ್ದೇ. ಒಂದು ಕಡೆ ವಿಚಾರಿಸಿದಾಗ ಸಿಕ್ಕ ಉತ್ತರ, "ಇದು ಕರಕುಶಲ, ಲಲಿತಕಲೆಗೆ ಬರೋದಿಲ್ಲ." ಕರಕುಶಲದ ಕಡೆಗೆ ಹೋದರೆ, "ಒಂದೇ ಥರ ಐವತ್ತು ಪೀಸ್ ಮಾಡಿಕೊಡ್ತೀರಾ?" ಜಾನಪದದ ಕಡೆಯಲ್ಲಿ, "ಇದರಲ್ಲಿ ಕುಣಿತ, ಹಾಡು ಏನಾದ್ರೂ ಇದೆಯಾ?" ಒಂದೇ ಕವಂದಿ ಮೂರು ಕಡೆ ಫೇಲಾಯಿತು.

ಸಂಗ್ರಹಾಲಯಗಳು ಇವೆ, ಇಲ್ಲ ಅನ್ನುವುದಿಲ್ಲ. ಮೈಸೂರಿನ ವೆಲ್ಲಿಂಗ್ಟನ್ ಹೌಸಿನಲ್ಲಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ದಕ್ಷಿಣದ ಕೇಂದ್ರ ಇದೆ. ರಾಮನಗರದಲ್ಲಿ ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೆ. ಇವು ಬೇಕು. ಆದರೆ ಸಂಗ್ರಹಾಲಯಕ್ಕೆ ಬಂದವರು "ಇದು ಯಾವ ಜನರದ್ದು?" ಅಂತ ಕೇಳುತ್ತಾರೆ. ಗ್ಯಾಲರಿಗೆ ಬಂದವರು "ಇದನ್ನು ಮಾಡಿದವರು ಯಾರು?" ಅಂತ ಕೇಳುತ್ತಾರೆ. ಈ ಎರಡನೇ ಪ್ರಶ್ನೆಯನ್ನು ಸಿದ್ದಿ, ಕೊರಗ, ಸೋಲಿಗ, ಜೇನು ಕುರುಬ ಕಲಾವಿದರ ಬಗ್ಗೆ ಕೇಳುವವರೇ ಕಡಿಮೆ.

ಇದನ್ನು ಮಾಡಬಹುದು ಅಂತ ಭೋಪಾಲದವರು ತೋರಿಸಿದ್ದಾರೆ. 1982ರಲ್ಲಿ ಅಲ್ಲಿ ಭಾರತ್ ಭವನ ಅನ್ನುವ ಕಲಾಕೇಂದ್ರ ಶುರುವಾದಾಗ ಅಲ್ಲಿನ ಕಲಾ ಸಂಗ್ರಹ ನೋಡಿಕೊಳ್ಳುತ್ತಿದ್ದವರು ಚಿತ್ರಕಾರ ಜೆ. ಸ್ವಾಮಿನಾಥನ್. ಪೇಟೆಯ ಕಲಾವಿದರ ಕೆಲಸವನ್ನೂ ಬುಡಕಟ್ಟು ಕಲಾವಿದರ ಕೆಲಸವನ್ನೂ ಅವರು ಒಂದೇ ಸೂರಿನ ಕೆಳಗೆ, ಸರಿಸಮವಾಗಿ ಇಟ್ಟರು. ಪಾಟನ್‌ಗಢ ಅನ್ನುವ ಹಳ್ಳಿಯ ಗೋಂಡ ಹುಡುಗ ಜನಗಢ ಸಿಂಗ್ ಶ್ಯಾಮ್ ಹೊರಗೆ ಬಂದಿದ್ದು ಹಾಗೆ. ಭೀಲ ಸಮುದಾಯದ ಭೂರಿ ಬಾಯಿ ಆ ಕಟ್ಟಡಕ್ಕೆ ಕೂಲಿ ಕೆಲಸಕ್ಕೆ ಬಂದವರು. ಚಿತ್ರ ಬರೆಯಿರಿ ಅಂತ ಅವರಿಗೆ ಕಾಗದ, ಬಣ್ಣ ಕೊಟ್ಟರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆದರೆ ಜನಗಢರ ಕತೆಯ ಕೊನೆ ಚೆನ್ನಾಗಿಲ್ಲ. 2001ರಲ್ಲಿ ಜಪಾನಿನ ಒಂದು ಮ್ಯೂಸಿಯಮ್ಮಿನಲ್ಲಿ ಚಿತ್ರ ಬರೆಯಲು ಹೋದವರು ಅಲ್ಲೇ ತೀರಿಕೊಂಡರು, ಮನೆಯವರಿಂದ ಅಷ್ಟು ದೂರ. ಒಬ್ಬರನ್ನು ಎತ್ತಿ ಮೆರೆಸಿದರೆ ಆಗುವುದಿಲ್ಲ, ಜತೆಗೆ ನಾಲ್ಕು ಜನ ಇರಬೇಕು, ವ್ಯವಹಾರ ನೋಡಿಕೊಳ್ಳುವವರು ಇರಬೇಕು ಅಂತ ನನಗೆ ಅನ್ನಿಸಿದ್ದು ಆ ಕತೆಯಿಂದ. ಆಸ್ಟ್ರೇಲಿಯಾದ ಪಪುನ್ಯಾದಲ್ಲಿ ಮೂಲನಿವಾಸಿ ಕಲಾವಿದರು 1972ರಲ್ಲಿ ತಮ್ಮದೇ ಕಂಪನಿ ಕಟ್ಟಿಕೊಂಡರು. ಅದರ ಒಡೆಯರು ಚಿತ್ರ ಬರೆಯುವವರೇ.

ನಮ್ಮಲ್ಲಿ ಏನಾಗಿದೆ ನೋಡಿ. ಶಾಲೆ ಕಾಂಪೌಂಡು, ಸರ್ಕಾರಿ ಕಚೇರಿಯ ಗೋಡೆ, ಎಲ್ಲಿ ನೋಡಿದರೂ ಬಿಳಿ ಬಣ್ಣದಲ್ಲಿ ಕಡ್ಡಿ ಮೈಯ ಮನುಷ್ಯರು ಕೈಹಿಡಿದು ಕುಣಿಯುತ್ತಿರುತ್ತಾರೆ. ಅದು ವರ್ಲಿ, ಮಹಾರಾಷ್ಟ್ರದ ಬುಡಕಟ್ಟಿನದ್ದು. ನಮ್ಮ ಕಡೆ ನಾನು ನೋಡಿದ ಗೋಡೆಗಳಲ್ಲಿ ಅದನ್ನು ಬಿಡಿಸಿದವರು ಗುತ್ತಿಗೆದಾರನ ಪೇಂಟರ್ ಹುಡುಗರು, ಮೊಬೈಲ್ ನೋಡಿಕೊಂಡು. ವರ್ಲಿಯವರಿಗೆ ಒಂದು ಪೈಸೆ ಹೋಗಿಲ್ಲ, ನಮ್ಮವರಿಗೂ ಕೆಲಸ ಸಿಗಲಿಲ್ಲ. ಆ ಗೋಡೆಗೂ ಟೆಂಡರ್ ಆಗಿರುತ್ತೆ, ಬಿಲ್ಲೂ ಪಾಸಾಗಿರುತ್ತೆ. ಅಂದರೆ ದುಡ್ಡಿಲ್ಲ ಅನ್ನುವ ಮಾತು ಪೂರ್ತಿ ನಿಜವಲ್ಲ.

ದುಡ್ಡಿನ ಮಾತು ಬಂತಲ್ಲ, ಅದನ್ನೂ ಹೇಳುತ್ತೇನೆ. 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಪರಿಶಿಷ್ಟ ಪಂಗಡದವರು ಸುಮಾರು 42.5 ಲಕ್ಷ, ನೂರಕ್ಕೆ 6.95. ಅವರ ಜನಸಂಖ್ಯೆಗೆ ತಕ್ಕಷ್ಟು ಹಣವನ್ನು ಬಜೆಟ್ಟಿನಲ್ಲಿ ಎತ್ತಿಡಬೇಕು ಅಂತ 2013ರ ಕಾಯ್ದೆಯೇ ಇದೆ. ಹೀಗೆ ಎತ್ತಿಟ್ಟ ಗಿರಿಜನ ಉಪಯೋಜನೆಯ ಹಣದಲ್ಲಿ ಉತ್ಸವಗಳು ನಡೆಯುತ್ತವೆ. ಶಾಮಿಯಾನ, ಮೈಕು, ಫ್ಲೆಕ್ಸು, ಊಟ, ಸ್ಮರಣಿಕೆ ಎಲ್ಲಕ್ಕೂ ಲೆಕ್ಕ ಸಿಗುತ್ತದೆ. ಆದರೆ ಒಂದು ದೊಡ್ಡ ಕವಂದಿ ಹೊಲಿಯಲು ಒಬ್ಬ ಹೆಂಗಸಿಗೆ ಕೂಲಿ ಬಿಟ್ಟು ಎಷ್ಟೋ ದಿನ ಕೂರಬೇಕು. ಆ ದಿನಗಳ ಲೆಕ್ಕ ಯಾವ ತಲೆಬರಹದ ಕೆಳಗೂ ಇಲ್ಲ. ಮಾಡಿದ್ದನ್ನು ತೋರಿಸಲು ದುಡ್ಡಿದೆ, ಮಾಡಲು ಇಲ್ಲ.

ಇನ್ನು ಧನಸಹಾಯದ ಅರ್ಜಿ. ನಾನು ತುಂಬಿದ ಒಂದು ಅರ್ಜಿಗೆ ನೋಂದಾಯಿತ ಸಂಘದ ಪ್ರಮಾಣಪತ್ರ, ಮೂರು ವರ್ಷದ ಆಡಿಟ್ ವರದಿ, ಕಾರ್ಯಕ್ರಮದ ಫೋಟೋ, ಪತ್ರಿಕಾ ತುಣುಕು ಕೇಳಿದ್ದರು. ಆನ್‌ಲೈನಿನಲ್ಲೇ ಹಾಕಬೇಕು. ಕೇರಿಯಲ್ಲಿ ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕು. ಓಟಿಪಿ ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಪತ್ರಿಕಾ ತುಣುಕು ಅಂದಾಗ ಒಬ್ಬಳು ಅಕ್ಕ ಮನೆಯೊಳಗೆ ಹೋಗಿ ಒಂದು ಪೇಪರ್ ತಂದಳು. ಉತ್ಸವದ ಫೋಟೋ ಅದು. ದೀಪ ಹಚ್ಚುತ್ತಿರುವ ಗಣ್ಯರ ಹಿಂದೆ ಅವಳ ಕವಂದಿಯ ಒಂದು ಮೂಲೆ ಕಾಣುತ್ತಿತ್ತು. ಆ ಮೂಲೆಗೆ ಪೆನ್ನಿನಲ್ಲಿ ಗುಂಡು ಹಾಕಿ ಲಗತ್ತಿಸಿದೆವು. ಅರ್ಜಿ ತಿರಸ್ಕಾರ ಆಯಿತು ಅಂತ ಹೇಳಬೇಕಿಲ್ಲ.

ಹಾಗಂತ ಸಹಾಯವೇ ಬಂದಿಲ್ಲ ಅಂತಲ್ಲ. ಒಮ್ಮೆ ಪೇಟೆಯಿಂದ ತರಬೇತಿ ಕೊಡಲು ಬಂದಿದ್ದರು. ಹತ್ತು ದಿನ. ಮೊಬೈಲ್ ಪೌಚು, ಕುಶನ್ ಕವರ್ ಮಾಡುವುದನ್ನು ಹೇಳಿಕೊಟ್ಟರು. ಬಣ್ಣ ಜಾಸ್ತಿ ಆಯಿತು, ಪೇಟೆಯವರಿಗೆ ತಿಳಿಬಣ್ಣ ಬೇಕು ಅಂದರು. ನೀಲಿಯನ್ನು ನಿದ್ದೆಯಿಂದ ಎಬ್ಬಿಸುವವರಿಗೆ ಬಣ್ಣ ಕಲಿಸಲು ಬಂದವರಿಗೆ ದಿನಭತ್ಯೆ ಇತ್ತು. ಕಲಿಯಲು ಕೂತವರಿಗೆ ಚಾ, ಬಿಸ್ಕಿಟ್ಟು.

ಕವಂದಿ ನನಗೆ ಗೊತ್ತಿರುವುದರಿಂದ ಅದರ ಬಗ್ಗೆ ಹೆಚ್ಚು ಬರೆದೆ. ಕರಾವಳಿಯ ಕೊರಗರದ್ದು ಇನ್ನೂ ಸೂಕ್ಷ್ಮದ ವಿಚಾರ. ಅವರ ಬುಟ್ಟಿಗೆ ಬೆತ್ತ, ಬಿದಿರು, ಕಾಡುಬಳ್ಳಿ ಬೇಕು. ಕಾಡಿನೊಳಗೆ ಕಾಲಿಡಲು ಆಗದಿದ್ದರೆ ಯಾವ ಗ್ಯಾಲರಿ ಕೊಟ್ಟೂ ಉಪಯೋಗ ಇಲ್ಲ. ಅವರ ಡೋಲಿನ ಹಿಂದೆ ಅಜಲು ಪದ್ಧತಿಯ ಅವಮಾನ ಇದೆ. ಬೇರೆಯವರ ಮನೆ ಕಾರ್ಯಕ್ಕೆ, ಕಂಬಳಕ್ಕೆ ಬಿಟ್ಟಿಯಾಗಿ ಬಡಿಯಲೇಬೇಕಿತ್ತು. 2000ದಲ್ಲಿ ಕಾನೂನು ತಂದು ಅಜಲನ್ನು ನಿಷೇಧ ಮಾಡಬೇಕಾಯಿತು. ಅಂಥ ಡೋಲನ್ನು ಇವತ್ತು ಗಣ್ಯರ ಸ್ವಾಗತಕ್ಕೆ, ಕಾರಿನ ಮುಂದೆ ನಿಲ್ಲಿಸಿ ಬಡಿಸಿದರೆ ಅವರಿಗೆ ಏನನ್ನಿಸಬಹುದು? ಅದೇ ಡೋಲನ್ನು ಅವರೇ ನಡೆಸುವ ವೇದಿಕೆಯಲ್ಲಿ ಅವರೇ ಇಷ್ಟಪಟ್ಟು ಬಾರಿಸಿದರೆ ಅದರ ಮಾತೇ ಬೇರೆ.

ಹಾಲಕ್ಕಿ ಒಕ್ಕಲಿಗರು ಪರಿಶಿಷ್ಟ ಪಂಗಡದ ಪಟ್ಟಿಯಲ್ಲೇ ಇಲ್ಲ. ಆ ಸಮುದಾಯದ, ನೂರಾರು ಹಾಡು ಬಾಯಲ್ಲಿಟ್ಟುಕೊಂಡಿದ್ದ ಅಂಕೋಲಾದ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಜಿಲ್ಲೆಯವರೆಲ್ಲ ಹೆಮ್ಮೆಪಟ್ಟೆವು. 2025ರಲ್ಲಿ ಅವರು ಹೋದರು. ಪಟ್ಟಿಯ ಬೇಡಿಕೆ ಎಷ್ಟೋ ವರ್ಷದ್ದು. ಅದು ತೀರ್ಮಾನ ಆಗುವ ತನಕ ಅವರ ಹಾಡು ಕಲಿಯುವ ಹುಡುಗಿಯರಿಗೆ ಗಿರಿಜನರ ಹಣ ಕೊಡಲು ಬರುವುದಿಲ್ಲ ಅಂದರೆ, ಸಂಸ್ಕೃತಿ ಇಲಾಖೆಯ ಹಣದಿಂದಲಾದರೂ ಕೊಡಬಹುದಲ್ಲ.

ಇಷ್ಟಕ್ಕೂ ನಾವು ಕೇಳುತ್ತಿರುವುದು ಏನು ಅಂತ ಸ್ಪಷ್ಟವಾಗಿ ಬರೆಯುತ್ತೇನೆ.

ಧನಸಹಾಯ ಕಲಾವಿದರ ಸ್ವಂತ ಖಾತೆಗೆ ಬರಲಿ. ಸಂಘ, ಆಡಿಟ್ಟು, ತುಣುಕು ಬೇಡ. ಒಂದು ಪುಟದ ಅರ್ಜಿ ಸಾಕು. ಬರೆಯಲು ಬಾರದವರು ಬಾಯಲ್ಲಿ ಹೇಳಿದ್ದನ್ನು ಕೇರಿಗೇ ಬಂದು ಬರೆದುಕೊಳ್ಳಲಿ. ಮುಗಿದ ಮೇಲೆ ಕೊಡುವ ಬದಲು ಅರ್ಧ ದುಡ್ಡನ್ನು ಮೊದಲೇ ಕೊಡಿ. ಕೂಲಿ ಬಿಟ್ಟು ಕೂರಲು ಆಗುವುದು ಆಗಲೇ. ಕೇರಿಯೊಳಗೆ ಯಾರಿಗೆ ಕೊಡಬೇಕು ಅನ್ನುವುದನ್ನು ಅವರೇ ಕೂತು ಮಾತಾಡಿಕೊಳ್ಳಲಿ. ಜಗಳ ಆಗಬಹುದು, ಆಗಲಿ. ಅಕಾಡೆಮಿಗಳಲ್ಲಿ ಜಗಳ ಇಲ್ವಾ?

ಪ್ರದರ್ಶನದ ವಿಷಯದಲ್ಲಿ, ಬೆಂಗಳೂರಿನ ಸರ್ಕಾರಿ ಚಿತ್ರಶಾಲೆಯಲ್ಲಿ ವರ್ಷಕ್ಕೆ ಒಂದು ತಿಂಗಳು ಬುಡಕಟ್ಟು ಕಲಾವಿದರಿಗೆ ಮೀಸಲಿಡಿ. ಜಾತ್ರೆ ಮಳಿಗೆಯ ಥರ ಬೇಡ. ಗೋಡೆ, ದೀಪ, ಕ್ಯಾಟಲಾಗು, ಬೇರೆ ಕಲಾವಿದರಿಗೆ ಏನು ಸಿಗುತ್ತದೋ ಅದೆಲ್ಲ ಇರಲಿ. ಆಯ್ಕೆ ಸಮಿತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆ ಸಮುದಾಯದವರೇ ಇರಲಿ. ಪ್ರತಿ ಕೃತಿಯ ಕೆಳಗೆ ಮಾಡಿದವರ ಹೆಸರು, ಊರು, ಇಸವಿ ಇರಲಿ. ಬೆಲೆಯನ್ನು ಅವರೇ ಹೇಳಲಿ, ಮಾರಲು ಇಷ್ಟವಿಲ್ಲದಿದ್ದರೆ ಬೇಡ ಅನ್ನುವ ಹಕ್ಕೂ ಇರಲಿ. ಮೊಳೆ ಹೊಡೆದು ತೂತು ಮಾಡಿದವರು ದಂಡ ಕಟ್ಟಲಿ. ಕಲಾವಿದರ ಬಸ್ಸು, ಊಟ, ವಸತಿಯ ಖರ್ಚು ಮೊದಲೇ ಕೈಗೆ ಸೇರಲಿ. ಇದು ದೊಡ್ಡ ಬೇಡಿಕೆ ಅಂತ ನನಗೆ ಅನ್ನಿಸುವುದಿಲ್ಲ.

ಜಾಗದ ವಿಷಯವನ್ನು ಕೊನೆಗೆ ಇಟ್ಟಿದ್ದೇನೆ, ಯಾಕಂದರೆ ನನ್ನ ಮಟ್ಟಿಗೆ ಅದೇ ಮುಖ್ಯ, ಅದಕ್ಕೇ ಅತಿ ಕಡಿಮೆ ಖರ್ಚು.

ನಮ್ಮ ಕೇರಿಯಲ್ಲಿ ಒಂದು ಸಮುದಾಯ ಭವನ ಇದೆ. ಕಟ್ಟಿ ವರ್ಷಗಳಾದವು. ಬಣ್ಣ ಚೆನ್ನಾಗಿದೆ, ಉದ್ಘಾಟನೆಯ ಕಲ್ಲು ಇನ್ನೂ ಚೆನ್ನಾಗಿದೆ. ಬೀಗ ಹಾಕಿದೆ. ಬೀಗದ ಕೈ ಒಂಬತ್ತು ಕಿಲೋಮೀಟರ್ ದೂರದಲ್ಲಿ ಒಬ್ಬರ ಹತ್ತಿರ ಇದೆ. ಅವರು ಒಳ್ಳೆಯವರೇ. ಆದರೆ ಊರಲ್ಲಿ ಇರುವುದಿಲ್ಲ. ಇದ್ದರೂ "ಮೇಲಿಂದ ಹೇಳಿಸಿ" ಅಂತಾರೆ. ಒಳಗೆ ಏನಿದೆ ಅಂತ ಕಿಟಕಿಯಲ್ಲಿ ಇಣುಕಿ ನೋಡಿದ್ದೇನೆ. ಮುರಿದ ಕುರ್ಚಿ, ಯಾವುದೋ ಚುನಾವಣೆಯ ಫ್ಲೆಕ್ಸು, ಎರಡು ಸಿಮೆಂಟ್ ಚೀಲ.

ಹೆಂಗಸರು ಜಗಲಿಯಲ್ಲಿ ಹೊಲಿಯುತ್ತಾರೆ. ದೊಡ್ಡ ಕವಂದಿ ಹಾಸಿದರೆ ಜಗಲಿ ತುಂಬುತ್ತದೆ, ಮನೆಯೊಳಗೆ ಹೋಗಿಬರಲು ದಾರಿ ಇರುವುದಿಲ್ಲ. ಕೋಳಿ ಬಂದು ಕೂರುತ್ತದೆ. ಜೂನ್ ಬಂತೆಂದರೆ ಇರಚಲು ಹೊಡೆಯುತ್ತದೆ, ಬಟ್ಟೆಗೆ ಬೂಸಲು ಹಿಡಿಯುತ್ತದೆ. ಗದ್ದೆ ಕೆಲಸ ಇಲ್ಲದ ಮಳೆಯ ದಿನಗಳಲ್ಲಿ ಹೊಲಿಯಲು ಪುರುಸೊತ್ತು ಸಿಗುತ್ತದೆ, ಆಗಲೇ ಒಣ ಜಾಗ ಸಿಗುವುದಿಲ್ಲ. ಎರಡನೆಯದು, ಒಬ್ಬೊಬ್ಬರೇ ಅವರವರ ಮನೆಯಲ್ಲಿ ಕೂತರೆ ಹುಡುಗಿಯರು ಕಲಿಯುವುದು ಯಾರನ್ನು ನೋಡಿ? ನಾಲ್ಕು ಜನ ಸುತ್ತ ಕೂತಾಗ ಒಬ್ಬಳು ದಾರ ಪೋಣಿಸಿಕೊಡುತ್ತಾಳೆ, ಇನ್ನೊಬ್ಬಳು ತುಂಡು ಆರಿಸುತ್ತಾಳೆ, ಮಾತು, ಹಾಡು, ಜಗಳ ಎಲ್ಲ ಆಗುತ್ತದೆ. ಪಾಠ ಅಂತ ಬೇರೆ ಬೇಡ.

ಹೊಸ ಕಲಾಭವನ ಕಟ್ಟಿಸಿ ಅಂತ ನಾವು ಕೇಳುತ್ತಿಲ್ಲ. ಇದ್ದದ್ದರ ಬೀಗ ತೆಗೆಸಿ. ಎರಡು ಬೀರು, ನಾಲ್ಕು ಟ್ಯೂಬ್‌ಲೈಟು, ಸೋರುವ ಮೂಲೆಗೆ ಹೆಂಚು, ಒಂದು ಶೌಚಾಲಯ. ಡಮಾಮಿಯನ್ನು ಇಲಿ ಕಚ್ಚದ ಹಾಗೆ ನೇತುಹಾಕಲು ಎರಡು ಕೊಕ್ಕೆ. ಬೀಗದ ಕೈ ಹೊಲಿಯುವ ಹೆಂಗಸರ ಗುಂಪಿನ ಹತ್ತಿರ ಇರಲಿ ಅಂತ ಒಂದು ಆದೇಶ. ಬೇರೆ ಹಾಡಿ, ಕೇರಿ, ಪೋಡುಗಳಲ್ಲೂ ಇಂಥ ಬೀಗ ಹಾಕಿದ ಭವನಗಳು ಎಷ್ಟಿವೆ ಅಂತ ಒಂದು ಪಟ್ಟಿ ತರಿಸಿ ನೋಡಿ. ಆ ಪಟ್ಟಿಯನ್ನು ಪ್ರಕಟಿಸಿ.

ಇಬ್ಬರಲ್ಲಿ ಯಾರು ಬಂದರೂ ಸಂತೋಷ. ಬರುವ ಮೊದಲು ಮೆರವಣಿಗೆ, ಕುಣಿತ ಬೇಕು ಅಂತ ಮಾತ್ರ ಫೋನ್ ಮಾಡಿಸಬೇಡಿ. ಸುಮ್ನೆ ಬನ್ನಿ, ಜಗಲಿಯಲ್ಲಿ ಕೂರಿ. ಅಜ್ಜಿ ಈಗ ಒಂದು ಹೊಸದನ್ನು ಶುರು ಮಾಡಿದ್ದಾರೆ. ಮೂರು ಸುತ್ತು ಆಗಿದೆ. ಮೊಳೆ ತೂತು ಬಿದ್ದ ಹಳೆಯದನ್ನೇ ಅಡಿಗೆ ಹಾಕಿಕೊಂಡಿದ್ದಾರೆ. ಮಳೆ ಹಿಡಿಯುವುದರೊಳಗೆ ಬೀಗ ತೆಗೆದರೆ ಉಳಿದದ್ದನ್ನು ಒಳಗೆ ಕೂತು ಮುಗಿಸುತ್ತಾರೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಡ್ರಾಯಿಂಗ್ ಮಾಸ್ತರು,
ಉತ್ತರ ಕನ್ನಡ ಜಿಲ್ಲೆ